ಗುಂಡಿಹೊಲದ ಕಾಂಪ್ಲೆಕ್ಸು

೧೧ ಫೆಬ್ರವರಿ ೨೦೦೭, ಭಾನುವಾರ

ನಿವೃತ್ತನಾಗಿ ಎಂಟು ತಿಂಗಳಾದ ಮೇಲೆ ಇವತ್ತು ನನಗೊಂದು ಕೆಲಸ ಬಂತು. ಊರಿನ ಸಾವ್ಕಾರ ಮರುಳಸಿದ್ದಪ್ಪನವರು ಕಾರು ಕಳಿಸಿದ್ದರು. ನಮ್ಮ ಮನೆಯಿಂದ ಅವರ ಕಾಂಪ್ಲೆಕ್ಸಿಗೆ ನಡೆದರೆ ಐದು ನಿಮಿಷ, ಆದರೂ ಕಾರು. ಬೀದಿಯವರೆಲ್ಲ ನೋಡಿದರು. ನೋಡಲಿ.

"ಕುಂತ್ಕಳ್ರಿ ಮೇಷ್ಟ್ರೇ. ಮ್ಯಾಲೆ ಇನ್ನೆರಡು ಅಂತಸ್ತು ಏಳ್ತಾ ಅವೆ, ನೋಡಿದೀರಲ್ಲ. ಲಾಡ್ಜು ಮಾಡ್ತೀನಿ. ಗಣಿ ಆಫೀಸ್ನೋರು, ಲಾರಿಯೋರು ಮಲಗಾಕೆ ಜಾಗ ಇಲ್ದೆ ಚಿತ್ರದುರ್ಗಕ್ಕೆ ಹೋಗ್ತಾರೆ. ಏಪ್ರಿಲ್ ಇಪ್ಪತ್ತೆರಡಕ್ಕೆ ಓಪನಿಂಗು. ಬಂದೋರ ಕೈಗೆಲ್ಲ ಒಂದು ಪುಸ್ತಕ ಕೊಡಬೇಕು. ಈ ಬಿಲ್ಡಿಂಗಿನ ಚರಿತ್ರೆ. ನೀವೇ ಬರೀಬೇಕು."

"ಹದಿನೈದು ವರ್ಷದ ಕಟ್ಟಡಕ್ಕೆ ಏನು ಚರಿತ್ರೆ?" ಅಂದೆ.

"ಈ ಊರಾಗೆ ಹದಿನೈದು ವರ್ಷದಿಂದ ನಿಂತಿರೋದು ಬ್ಯಾರೆ ಏನೈತೆ ಹೇಳ್ರಿ?" ಅಂತ ನಕ್ಕರು.

ಅದೂ ನಿಜ. ಗುಡ್ಡದ ಅದಿರಿಗೆ ಬೆಲೆ ಬಂದು ನಾಲ್ಕೇ ವರ್ಷ, ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯ ಈ ಊರನ್ನು ನನ್ನ ಹಳೆಯ ವಿದ್ಯಾರ್ಥಿಗಳೇ ಗುರುತು ಹಿಡಿಯುವುದಿಲ್ಲ. ಬೇವಿನಮರ, ಬಸವಣ್ಣನ ಗುಡಿ, ಸ್ಕೂಲಿನ ಗೋಡೆ, ಎಲ್ಲಾ ಅದಿರಿನ ಧೂಳಿಗೆ ಕೆಂಪು. ಎಮ್ಮೆಗಳೂ ಕೆಂಪು.

ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿದೆ. ನನ್ನ ಹೆಸರು ಅಚ್ಚಾದದ್ದು ಒಂದೇ ಸಲ, ವರ್ಗಾವಣೆಯ ಪಟ್ಟಿಯಲ್ಲಿ. ಈಗ ಪುಸ್ತಕದ ಮುಖಪುಟದಲ್ಲಿ 'ಲೇಖಕರು: ಗೋವಿಂದಪ್ಪ' ಅಂತ ಇರುತ್ತದಂತೆ. ಬರುವಾಗ ದಾರಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಇದು ಯಾರಿಗೂ ತೋರಿಸುವುದಕ್ಕಲ್ಲ. ಹಾಗಾಗಿ ಕೇಳಿದ್ದನ್ನೆಲ್ಲ ಇದರಲ್ಲಿ ಬರೆದಿಡುತ್ತೇನೆ. ಪುಸ್ತಕಕ್ಕೆ ಬೇಕಾದ್ದನ್ನು ಆಮೇಲೆ ಆರಿಸಿಕೊಂಡರಾಯಿತು.

೧೬ ಫೆಬ್ರವರಿ, ಶುಕ್ರವಾರ

ಐದು ದಿನದಿಂದ ಕಾಂಪ್ಲೆಕ್ಸಿನಲ್ಲೇ ಠಿಕಾಣಿ. ಸಿಕ್ಕಿದ್ದು ಇಷ್ಟು: ೧೯೯೨ರಲ್ಲಿ ಕೆಳಗಿನ ಅಂತಸ್ತು, ಶೇಂಗಾ ಮಂಡಿಗೆಂದು ಕಟ್ಟಿದ್ದು. ೯೫ರಲ್ಲಿ ಮೊದಲ ಮಹಡಿ, ಊರಿನ ಮೊದಲ ಎಸ್‌ಟಿಡಿ ಬೂತು ಅಲ್ಲೇ. ಆಮೇಲೆ ಟೈಪಿಂಗ್ ಶಾಲೆ, ಜವಳಿ ಅಂಗಡಿ. ೨೦೦೩ರಿಂದ ಗಣಿ ಆಫೀಸು, ಮೊಬೈಲ್ ಅಂಗಡಿ, ಟಯರ್ ಅಂಗಡಿ. ಏಳನೇ ನಂಬರಿನ ಮಳಿಗೆಯಲ್ಲಿ ನನ್ನ ಮಗಳು ಲತಾ ಹೊಲಿಗೆ ಹಾಕುತ್ತಾಳೆ. ಅಳಿಯ ತೀರಿಕೊಂಡ ಮೇಲೆ ಅವಳಿಗೆ ಆ ಮಿಷನ್ನೇ ಜೀವ.

ಹಿಂದಿನ ಮೆಟ್ಟಿಲ ಕೆಳಗೆ ಗಂಗಕ್ಕನ ಮಂಡಕ್ಕಿ-ಮಿರ್ಚಿ, ಟೀ. ಗಂಡ ಎತ್ತಪ್ಪ ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆ ಹೋದರೆ ತಿಂಗಳಿಗೊಮ್ಮೆ ಮನೆ ಮುಖ ನೋಡುತ್ತಾನೆ. ಹನ್ನೊಂದು ವರ್ಷದಿಂದ ಅವಳು ಅಲ್ಲೇ ಕೂತಿದ್ದಾಳೆ. ಚರಿತ್ರೆ ಬರೀತಿದ್ದೀನಿ ಅಂದಾಗ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನನ್ನ ಹೆಸ್ರೂ ಬರುತ್ತಾ ಮೇಷ್ಟ್ರೇ?"

"ಬರುತ್ತೆ."

"ಹಂಗಾದ್ರೆ ಒಂದ್ಮಾತು ಕೇಳ್ರಿ. ಮೊದ್ಲು ಇದನ್ನ ಗುಂಡಿಹೊಲ ಅಂತಿದ್ರು. ಯಾಕೆ ಅಂತ ನಂಗೊತ್ತಿಲ್ಲ. ಕಟ್ಟಿದ ಗಾರೆ ಬೋರಣ್ಣ ತಾಳ್ಯದಾಗೆ ಅವ್ನೆ. ಅವನ್ನ ಕೇಳ್ರಿ."

೨೩ ಫೆಬ್ರವರಿ, ಶುಕ್ರವಾರ

ತಾಳ್ಯಕ್ಕೆ ಹೋಗಿ ಬಂದೆ. ಬೋರಣ್ಣನಿಗೆ ಎಪ್ಪತ್ತರ ಹತ್ತಿರ. ಬೆಳಿಗ್ಗೆ ಹನ್ನೊಂದಕ್ಕೇ ಬಾಯಿಂದ ಸ್ವಲ್ಪ ಸಾರಾಯಿ ವಾಸನೆ ಬರುತ್ತಿತ್ತು, ಮಾತು ಮಾತ್ರ ಎಲ್ಲೂ ತೊಡರಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ.

"ಅಡೀಗೆ ಗುಂಡಿ ಐತೆ ಮೇಷ್ಟ್ರೇ. ನಮ್ಮಪ್ಪನ ಕಾಲದಾಗೆ ಯಾರೋ ಕಂಪನಿಯೋರು ಅದಿರು ಸಿಗುತ್ತಾ ಅಂತ ತೋಡಿ, ಸಿಗದೆ ಬಿಟ್ಟು ಹೋದ್ರು. ನಲವತ್ತು ಅಡಿ ಆಳ. ಸಾವ್ಕಾರ್ರು ಅದಕ್ಕೆ ಗುಡ್ಡದ ಮಣ್ಣು, ಒಡೆದ ಹೆಂಚು, ಊರ ಕಸ ಎಲ್ಲಾ ತುಂಬಿಸಿದ್ರು. ಎರಡು ಮಳೆಗಾಲ ಕೂರ್ಲಿ ಅಂದೆ. ಒಂದೂ ಬಿಡ್ಲಿಲ್ಲ. ಮುಂದಿನ ಪಿಲ್ಲರಿಗೆ ಬಂಡೆ ಸಿಕ್ತು. ಹಿಂದೆ ಮೆಟ್ಟಿಲ ಕಡೆ ನಾಲ್ಕು ಪಿಲ್ಲರು ಕಸದ ಮ್ಯಾಲೇ ನಿಂತವೆ."

"ಇದನ್ನ ಸಾವ್ಕಾರರಿಗೆ ಹೇಳಿದ್ಯಾ?"

"ಹೇಳದೆ? ಕೆಳಗೊಂದು ಮ್ಯಾಲೊಂದು, ಅಷ್ಟೇ. ಅದರ ಮ್ಯಾಲೆ ಒಂದಿಟ್ಟಿಗೆ ಇಟ್ರೂ ನಾನಿಲ್ಲ ಅಂತ ಅವತ್ತೇ ಹೇಳಿದೀನಿ. ಈಗ ಇನ್ನೆರಡು ಏರಿಸ್ತಾರೆ ಅಂತ ಕೇಳಿ ಹೋದ್ರೆ ಗೇಟಿನಾಗೇ ಓಡಿಸಿದ್ರು." ನನ್ನ ಕೈಯ ನೋಟ್‌ಬುಕ್ಕನ್ನು ಬೆರಳಿಂದ ತಟ್ಟಿದ. "ನಾನು ಹೇಳಿದ್ರೆ ಕುಡುಕ ಅಂತಾರೆ. ನೀವು ಬರೆದ್ರೆ ಓದ್ತಾರೆ. ಬರೀರಿ."

ಬರೀತೀನಿ ಅಂತ ಮಾತು ಕೊಟ್ಟೆ. ಬರೆಯುತ್ತೇನೆ. ಬಸ್ಸಿನಲ್ಲಿ ವಾಪಸ್ ಬರುವಾಗ ಕೈ ತಣ್ಣಗಾಗಿತ್ತು.

೪ ಮಾರ್ಚ್, ಭಾನುವಾರ

ಮೊದಲ ಅಧ್ಯಾಯ ಓದಿ ಹೇಳಿದೆ. 'ಈ ಭವ್ಯ ಕಟ್ಟಡ ನಿಂತಿರುವುದು ನಲವತ್ತು ಅಡಿ ಆಳದ ಹಳೆಯ ಗಣಿಗುಂಡಿಯೊಂದರ ಮೇಲೆ' ಎಂದು ಶುರುಮಾಡಿದ್ದೆ. ಮರುಳಸಿದ್ದಪ್ಪನವರು ಕೋಪ ಮಾಡಿಕೊಳ್ಳಲಿಲ್ಲ. ಟೀ ತರಿಸಿದರು.

"ಇಂಜಿನಿಯರ್ ನೋಡ್ಯಾರೆ ಮೇಷ್ಟ್ರೇ, ಸರಿ ಐತೆ ಅಂದಾರೆ. ಬೋರಣ್ಣಂಗೆ ಈ ಸಲ ಕೆಲಸ ಕೊಡಲಿಲ್ಲ ಅಂತ ಹೊಟ್ಟೆ ಉರಿ. ಹೋಗ್ಲಿ, ಶುಭಕಾರ್ಯದ ಪುಸ್ತಕ ಗುಂಡಿಯಿಂದ ಶುರುವಾಗ್ಬೇಕಾ? ನೀವು ತಿಳಿದೋರು."

ಇಂಜಿನಿಯರ್ ನೋಡಿದ್ದಾರೆಂದರೆ ಅದೂ ಒಂದು ಸಾಕ್ಷಿಯೇ. ಎರಡು ಕಡೆಯ ಮಾತನ್ನೂ ತೂಗಬೇಕಾದದ್ದು ಚರಿತ್ರೆ ಬರೆಯುವವನ ಧರ್ಮ. 'ಹಿಂದೆ ತಗ್ಗಾಗಿದ್ದ ಪ್ರದೇಶ' ಎಂದು ತಿದ್ದಿದೆ. ಅದು ಸುಳ್ಳೇನಲ್ಲ.

೨೨ ಮಾರ್ಚ್, ಗುರುವಾರ

ಯುಗಾದಿ ಮುಗಿಯಿತು. ನಾಲ್ಕನೇ ಅಂತಸ್ತಿನ ತಾರಸಿ ಹಾಕಿದರು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಗುಡ್ಡದಲ್ಲಿ ಸಿಡಿಮದ್ದು ಸಿಡಿಸುತ್ತಾರೆ; ಗಂಗಕ್ಕನ ಟೀ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಗುತ್ತವೆ. ಅವಳು ಕೈಯಿಂದ ಅದುಮಿ ಹಿಡಿದು, ನಿಂತ ಮೇಲೆ ಬಿಡುತ್ತಾಳೆ.

ಲತಾಳ ಅಂಗಡಿಯ ಶಟರ್ ಕೆಳಗೆ ಪೂರ್ತಿ ಇಳಿಯುತ್ತಿಲ್ಲ. ಚೌಕಟ್ಟು ಒಂದು ಕಡೆ ಇಳಿದಿದೆ. ವೆಲ್ಡಿಂಗ್‌ನವನನ್ನು ಕರೆಸಿ ಎರಡು ಬೆರಳಷ್ಟು ಕುಯ್ಯಿಸಿದೆ.

ಮೂರನೇ ಅಧ್ಯಾಯ ಚೆನ್ನಾಗಿ ಬಂದಿದೆ. ಎಸ್‌ಟಿಡಿ ಬೂತಿನ ಮುಂದೆ ಜನ ಸಾಲು ನಿಂತಿದ್ದ ವರ್ಣನೆಯಂತೂ ನನಗೇ ಹಿಡಿಸಿತು.

೩ ಏಪ್ರಿಲ್, ಮಂಗಳವಾರ

ಚಿತ್ರದುರ್ಗದ ಪ್ರೆಸ್ಸಿಗೆ ಹೋಗಿ ಕರಡು ತಿದ್ದಿದೆ. ನನ್ನ ಹೆಸರು ದಪ್ಪ ಅಕ್ಷರದಲ್ಲಿದೆ, ಕೆಳಗೆ ಸಣ್ಣ ಫೋಟೋ. ಪ್ರೆಸ್ಸಿನವನು "ಭಾಷೆ ಭಾಳ ಚೆನ್ನಾಗೈತೆ ಸಾರ್" ಅಂದ. 'ತಗ್ಗಾಗಿದ್ದ ಪ್ರದೇಶ' ಎನ್ನುವುದು ಅಲ್ಲಿ ಓಘ ಕೆಡಿಸುತ್ತಿತ್ತು. 'ಕಲ್ಲಿನಂಥ ಗಟ್ಟಿ ನೆಲದಲ್ಲಿ ಬೇರೂರಿ' ಎಂದು ಮಾಡಿದೆ. ಈಗ ವಾಕ್ಯ ಓದಲು ಸರಾಗವಾಗಿದೆ.

ಪುಟ ಹೆಚ್ಚಾಯಿತೆಂದು ಮೆಟ್ಟಿಲ ಕೆಳಗಿನ ಸಣ್ಣಪುಟ್ಟ ವ್ಯಾಪಾರದ ಭಾಗ ತೆಗೆಯಬೇಕಾಯಿತು.

೧೦ ಏಪ್ರಿಲ್, ಮಂಗಳವಾರ

ಬೋರಣ್ಣ ಮನೆಗೇ ಬಂದಿದ್ದ. ತಾಳ್ಯದಿಂದ ಬಸ್ಸು ಹಿಡಿದು, ಬಿಸಿಲಲ್ಲಿ.

"ಬರೆದ್ರಾ ಮೇಷ್ಟ್ರೇ?"

"ಪುಸ್ತಕ ಬರಲಿ, ಓದುವೆಯಂತೆ."

"ನಂಗೆ ಓದಾಕೆ ಬರಲ್ಲ. ನೀವೇ ಹೇಳ್ರಿ. ಗುಂಡಿ ವಿಷ್ಯ ಐತಾ?"

ನನಗೆ ರೇಗಿತು. ಮಗಳೆದುರಿಗೆ ಹೀಗೆ ಪಾಟೀಸವಾಲು ಮಾಡಿದರೆ ಯಾರಿಗೆ ರೇಗುವುದಿಲ್ಲ? "ಇಂಜಿನಿಯರಿಗಿಂತ ನಿನಗೆ ಹೆಚ್ಚು ಗೊತ್ತೇನಯ್ಯಾ? ಮೊದಲು ಕುಡಿಯೋದು ಬಿಡು" ಅಂದುಬಿಟ್ಟೆ. ಅವನು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡು ಎದ್ದ. ಲತಾ ಮಜ್ಜಿಗೆ ತರುವಷ್ಟರಲ್ಲಿ ಹೋಗಿಯಾಗಿತ್ತು.

"ಏನು ಗುಂಡಿ ಅಪ್ಪ?" ಅಂದಳು.

"ಹಳೇ ಜಗಳ. ನಿನಗ್ಯಾಕೆ?"

೨೨ ಏಪ್ರಿಲ್, ಭಾನುವಾರ

ಎಷ್ಟು ಜನ! ಹಿರಿಯೂರು, ಹೊಸದುರ್ಗದಿಂದೆಲ್ಲ ಕಾರುಗಳು. ಸ್ವಾಮಿಗಳು ಪುಸ್ತಕ ಬಿಡುಗಡೆ ಮಾಡಿ ಮೊದಲ ಪ್ರತಿಯನ್ನು ನನ್ನ ಕೈಗೇ ಕೊಟ್ಟರು. ಶಾಲು, ಪೇಟ, ಗಂಧದ ಹಾರ. ಮರುಳಸಿದ್ದಪ್ಪನವರು ಮೈಕಿನಲ್ಲಿ "ನಮ್ಮ ಬಿಲ್ಡಿಂಗ್ ಎಷ್ಟು ಗಟ್ಟಿ ಅಂತ ಮೇಷ್ಟ್ರೇ ಬರೆದಾರೆ, ಓದ್ರಿ" ಅಂದಾಗ ಜನ ಚಪ್ಪಾಳೆ ಹೊಡೆದರು. ಈ ವಯಸ್ಸಿನಲ್ಲಿ ಇಂಥದ್ದೊಂದು ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ. ಲತಾಳ ಅಮ್ಮ ಇರಬೇಕಿತ್ತು.

ಮೇಲೆ ದೊಡ್ಡ ನೀರಿನ ಟ್ಯಾಂಕು ತುಂಬಿಸಿದ್ದಾರೆ. ನಾಳೆಯಿಂದಲೇ ಲಾಡ್ಜು.

೨೬ ಏಪ್ರಿಲ್, ಗುರುವಾರ

ಗಂಗಕ್ಕ ಟೀ ಕೊಡುತ್ತ ಪಿಲ್ಲರು ತೋರಿಸಿದಳು. ನಡು ಎತ್ತರದಲ್ಲಿ ಗಾರೆ ಬಿಟ್ಟು ಒಳಗಿನ ಕಬ್ಬಿಣ ಕಾಣುತ್ತದೆ. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿತ್ತು. "ದಿನಾ ಗುಡಿಸ್ತೀನಿ, ದಿನಾ ಬೀಳ್ತೈತೆ. ಮಧ್ಯಾಹ್ನದ ಹೊತ್ತಿಗೆ ಒಳಗೆ ಲಟಕ್ ಅಂತೈತೆ ಮೇಷ್ಟ್ರೇ, ಯಾರೋ ಬೆರಳು ನೆಟಿಗೆ ತೆಗೆದಂಗೆ. ಇಲ್ಲಿ ಕುಂತ್ಕಳೋದು ಸರೀನಾ? ಇದರ ಚರಿತ್ರೆ ಬರೆದೋರು ನೀವು. ನಿಮಗೆ ಗೊತ್ತಿರ್ತೈತೆ."

ಮೊಬೈಲ್ ಅಂಗಡಿಯವರು, ಗಣಿ ಆಫೀಸಿನ ಗುಮಾಸ್ತ, ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಹೊಸ ತೂಕಕ್ಕೆ ಹೊಂದಿಕೊಳ್ತಾ ಇದೆ. ಏನೂ ಆಗಲ್ಲ, ಕೂತ್ಕೊಳಮ್ಮ" ಅಂದೆ.

ಅವಳ ಮುಖ ಹಗುರಾಯಿತು. ಟೀಗೆ ದುಡ್ಡು ತಗೊಳ್ಳಲಿಲ್ಲ.

ಶಟರ್ ಮತ್ತೆ ಸಿಕ್ಕಿಕೊಂಡಿದೆ.

೩೦ ಏಪ್ರಿಲ್, ಸೋಮವಾರ

ಲತಾಳ ಅಂಗಡಿಯನ್ನು ಬಸ್‌ಸ್ಟ್ಯಾಂಡ್ ಹಿಂದಿನ ಕೋಣೆಗೆ ಬದಲಾಯಿಸಿದೆ. ಕಾಂಪ್ಲೆಕ್ಸಿನಲ್ಲಿ ಧೂಳು ಜಾಸ್ತಿ. ಲಾರಿ ತಿರುಗುವ ಜಾಗ, ರವಿಕೆ ಬಟ್ಟೆಗೆಲ್ಲ ಕೆಂಪು ಕೂರುತ್ತದೆ, ಗಿರಾಕಿಗಳು ಬೈಯುತ್ತಾರೆ. ಅವಳು ಒಪ್ಪಲೇ ಇಲ್ಲ. "ಇಲ್ಲಿ ವ್ಯಾಪಾರ ಚೆನ್ನಾಗೈತಲ್ಲಪ್ಪ, ಲಾಡ್ಜು ಬಂದ ಮೇಲೆ ಇನ್ನೂ ಆಗುತ್ತೆ" ಅಂತ ವಾದಿಸಿದಳು. ಇವತ್ತೇ ಆಗಬೇಕು ಅಂದೆ. ಗಂಗಕ್ಕನೇ ಬಂದು ಮಿಷನ್ನಿನ ಒಂದು ಕಡೆ ಹಿಡಿದು ಗಾಡಿಗೆ ಏರಿಸಿಕೊಟ್ಟಳು.

ಮರುಳಸಿದ್ದಪ್ಪನವರಿಗೂ ಧೂಳಿನ ವಿಷಯವೇ ಹೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು.

೪ ಮೇ, ಶುಕ್ರವಾರ

ಹೊಸ ಕೋಣೆಯಲ್ಲಿ ಬೆಳಕು ಕಡಿಮೆ. ಲತಾ ಮುಖ ಊದಿಸಿಕೊಂಡಿದ್ದಾಳೆ. ಟೀ ಕುಡಿಯಲು ಈಗ ಬಸ್‌ಸ್ಟ್ಯಾಂಡಿನ ಹೋಟೆಲಿಗೇ ಹೋಗುತ್ತೇನೆ. ಹತ್ತಿರ.

೯ ಮೇ, ಬುಧವಾರ

ಬಿತ್ತು. ಒಂದು ಗಂಟೆ ಐದು ನಿಮಿಷಕ್ಕೆ.

೧೧ ಮೇ, ಶುಕ್ರವಾರ

ಸಿಡಿಮದ್ದಿನ ಸದ್ದು ಎಂದೇ ಎಲ್ಲರೂ ತಿಳಿದರು. ಅದು ನಿಲ್ಲಲಿಲ್ಲ. ನಾನು ಊಟಕ್ಕೆ ಕೂತಿದ್ದೆ. ಓಡಿ ಹೋದಾಗ ಮುಂಭಾಗ ಹಾಗೇ ನಿಂತಿತ್ತು, ಬೋರ್ಡುಗಳೂ ಇದ್ದವು. ಹಿಂಭಾಗ ಇರಲಿಲ್ಲ. ಮೆಟ್ಟಿಲಿದ್ದ ಕಡೆ ನೆಲವೇ ಒಳಗೆ ಇಳಿದಿತ್ತು, ಅದರ ಮೇಲೆ ನಾಲ್ಕು ತಾರಸಿ ಒಂದರ ಮೇಲೊಂದು, ಒಡೆದ ಟ್ಯಾಂಕಿನ ನೀರು ಕೆಂಪಾಗಿ ಹರಿಯುತ್ತಿತ್ತು.

ಸತ್ತವರು ಮೂರು ಜನ. ಲಾಡ್ಜಿನಲ್ಲಿ ಮಲಗಿದ್ದ ಇಬ್ಬರು ಲಾರಿ ಡ್ರೈವರುಗಳು. ಮತ್ತೆ ಗಂಗಕ್ಕ. ಅವಳನ್ನು ತೆಗೆಯುವ ಹೊತ್ತಿಗೆ ನಿನ್ನೆ ಸಂಜೆ ಆಗಿತ್ತು. ಲತಾ ಬಿಟ್ಟು ಬಂದ ಏಳನೇ ನಂಬರಿನ ಮಳಿಗೆ ಅರ್ಧಕ್ಕರ್ಧ ಕುಸಿದು ಹೋಗಿದೆ.

ಲತಾ ಅಲ್ಲೇ ನಿಂತಿದ್ದಳು. ನನ್ನ ಕಡೆ ತಿರುಗಿ "ಗಂಗಕ್ಕ ನನ್ನ ಮಿಷನ್ ಹೊತ್ತು ಹಾಕಿದ್ಲು" ಅಂದಳು. ಅಷ್ಟೇ.

ಬೀದಿಯಲ್ಲಿ ಜನ ನನ್ನ ಕೈ ಹಿಡಿದುಕೊಂಡು "ದೇವ್ರು ದೊಡ್ಡೋನು, ನಿಮ್ಮ ಮಗಳನ್ನ ಒಂಬತ್ತು ದಿನ ಮುಂಚೆ ಎತ್ಕೊಂಡ" ಅನ್ನುತ್ತಿದ್ದಾರೆ. ಹೌದು, ದೇವರ ದಯೆ.

೧೫ ಮೇ, ಮಂಗಳವಾರ

ಮರುಳಸಿದ್ದಪ್ಪನವರು ವಕೀಲರೊಂದಿಗೆ ಮನೆಗೆ ಬಂದರು. ಆರು ದಿನದಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದವರ ಹಾಗೆ ಕಾಣುತ್ತಾರೆ. ಶುಕ್ರವಾರ ಹೊಳಲ್ಕೆರೆಯಲ್ಲಿ ತಹಶೀಲ್ದಾರರ ವಿಚಾರಣೆ. ಕಟ್ಟಡದ ವಿಷಯ ಅಧ್ಯಯನ ಮಾಡಿದವನೆಂದು ನನ್ನ ಹೇಳಿಕೆಗೆ ಬೆಲೆ ಇದೆಯಂತೆ. ವಕೀಲರು ಹೇಳಿದ ಅಂಶಗಳನ್ನು ನಾನೇ ಸರಿಯಾದ ಕನ್ನಡದಲ್ಲಿ ಬರೆದೆ: ನೆಲದಲ್ಲಿ ದೋಷವಿದೆಯೆಂದು ಬೋರಣ್ಣ ಯಾವತ್ತೂ ನನಗೆ ತಿಳಿಸಿರಲಿಲ್ಲ. ಅವನು ಕೆಲಸದ ವೇಳೆಯಲ್ಲೂ ಕುಡಿಯುತ್ತಿದ್ದನೆಂದು ಕೇಳಿದ್ದೇನೆ. ಕೆಲಸದಲ್ಲಿ ಲೋಪವಾಗಿರುವ ಸಾಧ್ಯತೆ ಇದೆ.

ಒಂದೂವರೆ ಪುಟ. ರುಜು ಹಾಕಿದೆ. ಒಬ್ಬರ ಮೇಲೇ ಎಲ್ಲ ಹೊರೆ ಬೀಳುವುದೂ ನ್ಯಾಯವಲ್ಲ.

ಅವರು ಹೋದ ಮೇಲೆ ಲತಾ ಒಳಗಿಂದ ಬಂದಳು.

"ಅಪ್ಪ, ನನ್ನನ್ನ ಯಾಕೆ ಅಲ್ಲಿಂದ ಎಬ್ಬಿಸಿದ್ದು?"

"ಹೇಳಿದ್ನಲ್ಲ. ಧೂಳು."

"ಧೂಳು ನಾಲ್ಕು ವರ್ಷದಿಂದ ಐತೆ."

ಮಲಗಲು ಹೋದೆ.

೧೭ ಮೇ, ಗುರುವಾರ

ನಿನ್ನೆ ಪೊಲೀಸರು ತಾಳ್ಯಕ್ಕೆ ಹೋಗಿ ಬೋರಣ್ಣನನ್ನು ಕರೆತಂದರಂತೆ. ಸ್ಟೇಷನ್ನಿನ ಜಗುಲಿಯಲ್ಲಿ ಕೂರಿಸಿದ್ದಾರೆ.

ಪೇಟೆಯಿಂದ ಬಂದಾಗ ಲತಾ ನಡುಮನೆಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಈ ನೋಟ್‌ಬುಕ್. ಯಾರಿಗೂ ತೋರಿಸುವುದಲ್ಲ ಎಂದು ಶುರುಮಾಡಿದ್ದು. ನಾನು ಕಿತ್ತುಕೊಳ್ಳಲು ಹೋದೆ. ಅವಳೇ ಕೈಗೆ ಕೊಟ್ಟಳು.

"ಪೂರ್ತಿ ಓದಿದೀನಿ. ನೀನೂ ಒಂದ್ಸಲ ಮೊದ್ಲಿಂದ ಓದು. ಬೇರೆ ಯಾರೋ ಬರೆದದ್ದು ಅಂತ ತಿಳ್ಕಂಡು ಓದು. ನಾಳೆ ಬಸ್ಸಿಗೆ ಹೊಳಲ್ಕೆರೆಗೆ ಹೋಗಾಣ. ನೀನು ಬರಲಿಲ್ಲ ಅಂದ್ರೆ ನಾನೇ ಹೋಗಿ ಹೇಳ್ತೀನಿ, ನಮ್ಮಪ್ಪಂಗೆ ಗೊತ್ತಿತ್ತು, ಅದಕ್ಕೇ ನಾನು ಬದುಕಿದೀನಿ ಅಂತ."

ಓದಿದೆ. ಮೂರು ತಿಂಗಳಿನದ್ದು, ಒಂದು ಗಂಟೆಯೂ ಹಿಡಿಯಲಿಲ್ಲ. ಫೆಬ್ರವರಿ ಇಪ್ಪತ್ತಮೂರರ ಪುಟದಲ್ಲಿ ಕೈ ತಣ್ಣಗಾಗಿತ್ತು ಅಂತ ಇದೆ. ಅಕ್ಷರ ನನ್ನದೇ. ಆ ಚಳಿ ಮಾತ್ರ ನೆನಪಿಲ್ಲ.

೨೪ ಮೇ, ಗುರುವಾರ

ಇದು ಲತಾ ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂದಿನ ಹಾಳೆ. ನನ್ನ ನೋಟ್‌ಬುಕ್ ತಾಲೂಕು ಕಚೇರಿಯಲ್ಲಿದೆ, ಪುಟಪುಟಕ್ಕೂ ಸೀಲು ಹೊಡೆದಿದ್ದಾರೆ. ಹಳೆ ಹೇಳಿಕೆ ವಾಪಸ್ ತೆಗೆದುಕೊಂಡು ಹೊಸದು ಕೊಟ್ಟೆ. ತಹಶೀಲ್ದಾರರು ಶಟರ್ ವಿಷಯ ಎರಡು ಸಲ ಕೇಳಿದರು. ಧೂಳೂ ಇತ್ತು ಸಾರ್ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಲತಾ ಕಿಟಕಿಯ ಕಡೆ ತಿರುಗಿಕೊಂಡಳು. ಆಮೇಲೆ ಧೂಳಿನ ಮಾತು ತೆಗೆಸಿದೆ.

ಬೋರಣ್ಣನನ್ನು ಬಿಟ್ಟರು. ಮರುಳಸಿದ್ದಪ್ಪನವರನ್ನು ಮಂಗಳವಾರ ಕರೆದುಕೊಂಡು ಹೋದರು. ಇಂಜಿನಿಯರ್ ಅಂತ ಯಾರೂ ಬಂದೇ ಇರಲಿಲ್ಲವಂತೆ. ನನ್ನ ಮೇಲೂ ಸುಳ್ಳು ಹೇಳಿಕೆಯ ಕೇಸು ಆಗಬಹುದು ಅಂತ ಸಬ್‌ಇನ್ಸ್‌ಪೆಕ್ಟರ್ ಹೇಳಿದ್ದಾರೆ. ಬೀದಿಯಲ್ಲಿ ಈಗ ಯಾರೂ ಕೈ ಹಿಡಿದುಕೊಳ್ಳುವುದಿಲ್ಲ.

ಬೆಳಿಗ್ಗೆ ಗಂಗಕ್ಕನ ಗಂಡ ಎತ್ತಪ್ಪನ ಹಟ್ಟಿಗೆ ಹೋಗಿದ್ದೆ. ಲತಾ ಹೋಗು ಅನ್ನಲಿಲ್ಲ, ನಾನೇ ಹೋದೆ. ಅವನು ಬೇಲಿಯ ಹತ್ತಿರ ಕೂತು ಕುರಿಯ ಗೊರಸಿಗೆ ಅರಿಸಿನ ಹಚ್ಚುತ್ತಿದ್ದ. ತಲೆ ಬೋಳಿಸಿಕೊಂಡಿದ್ದ. ಬರ್ರಿ ಮೇಷ್ಟ್ರೇ, ಅಂದ. ಕಂಬಳಿ ಕೊಡವಿ ಹಾಸಿದ. ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಗುಂಡಿ, ಪಿಲ್ಲರು, ಅವಳು ಕೇಳಿದ್ದು, ನಾನು ಕೂತ್ಕೊಳಮ್ಮ ಅಂದದ್ದು. ಅವನು ಕುರಿಯ ಕಾಲು ಬಿಡಲಿಲ್ಲ, ತಲೆಯೂ ಎತ್ತಲಿಲ್ಲ. ಮುಗಿದ ಮೇಲೆ ಕುರಿಯನ್ನು ಬಿಟ್ಟ. ಅದು ಕುಂಟುತ್ತ ಹಿಂಡಿನೊಳಗೆ ಸೇರಿಕೊಂಡಿತು.

"ಸಾವ್ಕಾರ್ರಿಗೆ ಹೆದರ್ಕಂಡಿದ್ರಿ, ಆತು. ಊರಿಗೆಲ್ಲ ಹೇಳಾಕೆ ಆಗ್ಲಿಲ್ಲ, ಅದೂ ಆತು. ನಿಮ್ಮ ಮಗ್ಳಿಗೆ ಧೂಳು ಅಂತ ಹೇಳಿದ್ರಂತಲ್ಲ. ಅದನ್ನೇ ನಮ್ಮೋಳಿಗೂ ಹೇಳ್ಬಹುದಿತ್ತಲ್ಲ ಮೇಷ್ಟ್ರೇ. ಇಲ್ಲಿ ಧೂಳೈತೆ, ಮಿರ್ಚಿ ಮ್ಯಾಲೆ ಬೀಳ್ತೈತೆ, ಎದ್ದು ಆ ಕಡೆ ಕುಂತ್ಕ ಅಂತ. ಸುಳ್ಳಾದ್ರೂ ಆಗ್ತಿತ್ತು. ನೀವು ಹೇಳಿದ್ರೆ ಅವ್ಳು ಕೇಳ್ತಿದ್ಲು. ಯಾಕೆ ಹೇಳ್ಲಿಲ್ಲ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ. ಕೈಯ ಅರಿಸಿನ ಪಂಚೆಗೆ ಒರೆಸಿಕೊಂಡು, ನನ್ನ ಮುಖ ನೋಡುತ್ತ, ನಾನು ಹೇಳುವವರೆಗೂ ಕೂತಿರುವವನ ಹಾಗೆ ಕೂತ.